ಅಪ್ಪನ ತೇರು, ಜೀರಿಗೆ ಬಾಳೆಹಣ್ಣು ಮತ್ತು ನಮ್ಮಕ್ಕ

ನಾನು ಮಾಡಿದ ಪುಟ್ಟ ಗೊಂಬೆ ಜಾತ್ರೆ ಕೊನೆಗೂ ಜನರ ಮುಂದೆ ಬಂತು. ನಾವು ಅಪ್ಪ ಅನ್ನುವ ಶರಣಬಸವೇಶ್ವರರ ತೇರು, ಸುತ್ತ ಜನ, ಆಚೀಚೆ ಪರ್ಸಿ (ಶಹಾಬಾದ್ ಕಲ್ಲಿನ ಚಪ್ಪಡಿ) ಹೊದಿಸಿದ ಹಳೆ ಮನೆಗಳು. ಎಲ್ಲ ಸೇರಿ ಒಂದು ಊಟದ ಟೇಬಲ್ಲಿನಷ್ಟು ಜಾಗ. ಹೋಳಿಯಾದ ಐದನೇ ದಿನ ಕಲಬುರಗಿಯಲ್ಲಿ ಇದ್ದವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಿಲ್ಲ. ಕಳೆದ ವರ್ಷ ನಮ್ಮ ಮನೆಯವರು ತೀರಿಕೊಂಡದ್ದೂ ನಿಮಗೆ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಹಾಲ್ ಬಿಟ್ಟುಕೊಟ್ಟ ಹೆಡ್‌ಮಾಸ್ಟರ್ ಸರ್, ಕಲ್ಲು ಕೊಯ್ದ ಪುಡಿಯನ್ನು ನನಗಾಗಿ ಎತ್ತಿಟ್ಟ ಪರ್ಸಿ ಅಂಗಡಿ ಮಾಮಾ, ಚಿಕ್ಕ ಮಕ್ಕಳ ಕೈ ತಡೆಯುತ್ತಾ ನಿಂತ ಓಣಿಯ ಹುಡುಗಿಯರು, ನಿಮಗೆಲ್ಲ ಶರಣು ಶರಣಾರ್ಥಿ.

ಹೇಗೆ ಮಾಡಿದಿರಿ ಅಂತ ತುಂಬ ಜನ ಕೇಳಿದಿರಿ. ಅಳತೆ 1:35, ಅಂದರೆ ನಿಜದ್ದರ ಮೂವತ್ತೈದನೇ ಒಂದು ಪಾಲು. ಐದೂವರೆ ಅಡಿ ಆಳು ಇಲ್ಲಿ ಐದು ಸೆಂಟಿಮೀಟರ್‌ಗೂ ಕಮ್ಮಿ. ಒಂದೂವರೆ ಇಂಚು ದಪ್ಪದ ಶಹಾಬಾದ್ ಕಲ್ಲು ಒಂದು ಮಿಲಿಮೀಟರ್ ಚಿಲ್ಲರೆ. ಅಷ್ಟು ತೆಳ್ಳಗೆ ಕಲ್ಲು ಸೀಳುವುದು ನನ್ನ ಕೈಲಾಗದು. ಹಾಗಾಗಿ ಹಳೆ ಮದುವೆ ಕಾರ್ಡುಗಳನ್ನು ಒಂದರ ಮೇಲೊಂದು ಅಂಟಿಸಿ, ಮೇಲೆ ಕಲ್ಲಿನ ಪುಡಿಯನ್ನೇ ಉದುರಿಸಿದೆ. ಬರೀ ಬಣ್ಣ ಬಳಿದಿದ್ದರೆ ಆ ಬೂದು ಬರುತ್ತಿರಲಿಲ್ಲ. ತೇರಿಗೆ ಎಸೆಯುವ ಬಾಳೆಹಣ್ಣು? ಹಳದಿ ಬಳಿದ ಜೀರಿಗೆ! ಅರ್ಧ ಸೆಂಟಿಮೀಟರ್ ಉದ್ದ, ಸ್ವಲ್ಪ ಡೊಂಕು. ಅಡುಗೆಮನೆಯಲ್ಲಿ ಅದು ಕಣ್ಣಿಗೆ ಬಿದ್ದಾಗ ಒಬ್ಬಳೇ ನಕ್ಕಿದ್ದೆ. ಎಷ್ಟೋ ತಿಂಗಳಾದ ಮೇಲೆ.

ಇನ್ನು ನಮ್ಮಕ್ಕ. ನನ್ನ ಹಿರಿ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಮ್ಮಿಬ್ಬರದು ಅಷ್ಟಕ್ಕಷ್ಟೇ ಅನ್ನುವುದು ಓಣಿಗೆಲ್ಲ ಗೊತ್ತು. ನನ್ನ ಕೆಲಸವನ್ನು "ಗೊಂಬಿ ಆಟ" ಅನ್ನುತ್ತಿದ್ದಳು. ಮನೆ ತುಂಬ ಧೂಳು ಅಂತ ಬೈಗುಳ ಬೇರೆ. ಪ್ರದರ್ಶನದ ಹಿಂದಿನ ಸಂಜೆ ಎಲ್ಲ ಹೊತ್ತು ಹಾಲಿಗೆ ಹೊರಟಿದ್ದ ಟಂಟಂ ಆಟೊ ಒಂದು ಹಂಪ್ ಹಾರಿತು. ತೇರಿನ ತುದಿ ಮುರಿಯಿತು, ಮನೆಗಳ ಪರ್ಸಿ ಕಿತ್ತು ಬಂತು, ಅರ್ಧ ಜನ ಕೆಳಗೆ. (ಆ ಡ್ರೈವರ್ ತಮ್ಮ ಮರುದಿನ ತಾನಾಗೇ ಬಂದು ಕುರ್ಚಿ ಹಾಕಿದ, ಅವನಿಗೂ ಥ್ಯಾಂಕ್ಸ್.) ಒಯ್ದು ತಿಪ್ಪೆಗೆ ಹಾಕ್ರಿ ಅಂತ ನೆಲದ ಮೇಲೆ ಕೂತುಬಿಟ್ಟೆ. ಅಕ್ಕ ತನ್ನ ಹೊಲಿಗೆ ಡಬ್ಬಿ ಹಿಡಿದು ಬಂದಳು.

"ಅಳೂದಿದ್ರ ನಾಡಿದ್ದು ಅಳು. ಈಗ ಫೆವಿಕಾಲ್ ಎಲ್ಲದ ಹೇಳು."

ಬೆಳಗಿನ ತನಕ ಕೂತಲ್ಲಿಂದ ಏಳಲಿಲ್ಲ. ವರ್ಷಾನುಗಟ್ಟಲೆ ಬ್ಲೌಸ್ ಹೊಲಿದ ಕೈ ಅದು, ಒಂದು ಗೊಂಬೆಯೂ ಜಾರಲಿಲ್ಲ. "ತೇರಿನ ಬಟ್ಟಿ ಇಸ್ತ್ರಿ ಮಾಡಿದಂಗ ಇರ್ತದೇನ?" ಅಂತ ನಾನು ಹಾಕಿದ್ದನ್ನು ಕಿತ್ತು, ಬ್ಲೌಸ್ ಪೀಸಿನ ತುಂಡು ಕತ್ತರಿಸಿ ನೆರಿಗೆ ಹಿಡಿದಳು. ಮಿಷಿನ್ ದಾರಕ್ಕೆ ಮೇಣ ಉಜ್ಜಿ ಹೊಸೆದು ತೇರಿನ ಹಗ್ಗ ಮಾಡಿದಳು. ಅಜ್ಜಿಯರ ತಲೆ ಮೇಲೆ ಸೆರಗಿಲ್ಲ ಅಂತ ಅದಕ್ಕೂ ಬೈದಳು. ಸೆರಗು ಬಂತು.

ನಡುರಾತ್ರಿ ದಾಟಿತ್ತು. ಒಂದು ಗಂಡಸಿನ ಗೊಂಬೆ ಹಿಡಿದು ಸುಮ್ಮನೆ ಕೂತಳು. "ಇಂವ ನಮ್ಮ ಹುಡುಗನಂಗ ನಿಂತಾನ ನೋಡು." ಒಂದು ಭುಜ ತುಸು ಕೆಳಗೆ. ನಾನು ಬೇಕಂತ ಹಾಗೆ ಮಾಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆಕೆ ಸೊಸೆಯಾಗಿ ಬಂದಾಗ ನನ್ನ ಗಂಡ ಇನ್ನೂ ಚಡ್ಡಿ ಹಾಕುವ ಹುಡುಗ. ಶಾಲೆಗೆ ಬುತ್ತಿ ಕಟ್ಟಿ ಕಳಿಸಿದವಳು ಆಕೆ. ಅವರು ಹೋದ ಮೇಲೆ ನಾವಿಬ್ಬರೂ ಒಂದು ಸಲವೂ ಒಟ್ಟಿಗೆ ಅತ್ತಿರಲಿಲ್ಲ. ಅವತ್ತು ಅತ್ತೆವು, ಜೋರಾಗಿಯೇ. ವಾಚ್‌ಮನ್ ಬಂದು ಇಣುಕಿ ಹೋದ.

ಆಮೇಲೆ ಮೂಗು ಒರೆಸಿಕೊಂಡು ಆ ಗೊಂಬೆಯನ್ನು ಹಗ್ಗದ ಮುಂದಿನ ಸಾಲಿಗೆ ಅಂಟಿಸಿದಳು. "ಹಿಂದ ನಿಂದ್ರೂ ಮನಷ್ಯಾ ಅಲ್ಲ ಅಂವ." ಸರಿ ಅಕ್ಕಾ. ನಿನಗೆ ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಇಲ್ಲಿ ಬರೆದಿದ್ದೇನೆ. ಯಾರಾದರೂ ಓದಿ ಹೇಳುತ್ತಾರೆ.

ಶರಣರು ಹುಟ್ಟಿದ ಅರಳಗುಂಡಗಿ ಕಡೆಯ ಒಬ್ಬ ಅಜ್ಜ ಬಹಳ ಹೊತ್ತು ನೋಡಿ, "ಎಲ್ಲ ಛಂದ ಅದ. ದಾಸೋಹದ ಒಲಿ ಎಲ್ಲದ?" ಅಂದರು. ಹೌದಲ್ವಾ! ದಾಸೋಹ ಬಿಟ್ಟು ಅಪ್ಪನ ಜಾತ್ರೆ ಎಲ್ಲಿಯದು. ಮುಂದಿನ ಹೋಳಿಯೊಳಗೆ ಒಲೆ, ಹಂಡೆ, ಊಟದ ಪಂಕ್ತಿ ಎಲ್ಲ ಸೇರಿಸಬೇಕು. ಬಡಿಸುವವರ ಬಟ್ಟೆ ಅಕ್ಕನ ಪಾಲಿಗೆ. ಪಂಕ್ತಿಯ ನೆಲಕ್ಕೆ ಪರ್ಸಿ ಜಾಸ್ತಿ ಬೇಕಾಗುತ್ತದೆ, ಹಳೆ ಮದುವೆ ಕಾರ್ಡು ಇದ್ದರೆ ದಯವಿಟ್ಟು ಎಸೆಯಬೇಡಿ. ದಪ್ಪನೆಯವು ಇದ್ದರೆ ಇನ್ನೂ ಒಳ್ಳೆಯದು.