ಪ್ರಾರ್ಥನೆಯ ಹೆಸರಲ್ಲಿ ಹೊರಬಿದ್ದ ಮಾತು

ಬೆಟಗೇರಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಊರ ಸುದ್ದಿ ನಿನ್ನ ಅವ್ವ ಫೋನಲ್ಲಿ ಹೇಳಿರುತ್ತಾಳೆ, ಮತ್ತೆ ಬರೆಯುವುದಿಲ್ಲ. ನಾಲ್ಕು ಪುಟದಲ್ಲಿ ಒಂದೇ ಸಾಲು ನನ್ನ ನಿದ್ದೆ ಕೆಡಿಸಿದೆ. "ದೊಡ್ಡವ್ವ, ಇನ್ನು ಚರ್ಚಿನ ಸಭೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಡಬಾರದು ಅನ್ನಿಸ್ತಿದೆ."

ಗೆಳತಿ ಅಂತ ನಂಬಿ ನೀನು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವ ವಿಷಯ ಅವಳಿಗೆ ಹೇಳಿದೆ. ಮರುದಿನ ಅದು ಸಭೆಯ ವಾಟ್ಸಾಪ್ ಗುಂಪಲ್ಲಿ ಪ್ರಾರ್ಥನಾ ವಿನಂತಿಯಾಗಿ ಬಂತು. ಹೆಸರು ಹಾಕಿರಲಿಲ್ಲ ಅಂತ ಬರೆದಿದ್ದೀಯ. ಇಪ್ಪತ್ತು ಜನರ ಗುಂಪಲ್ಲಿ ಹೆಸರು ಯಾಕೆ ಬೇಕು ಹೇಳು?

ಓದಿ ನನಗೆ ಸಿಟ್ಟು ಬರಬೇಕಿತ್ತು. ನಾಚಿಕೆ ಬಂತು. ಅದೇ ಕೆಲಸ ನಾನೂ ಮಾಡಿದ್ದೇನೆ.

ಆಗ ನನಗೆ ಮೂವತ್ತೂ ಆಗಿರಲಿಲ್ಲ. ಪಕ್ಕದ ಬೆಂಚಿನ ಗೆಳತಿಯೊಬ್ಬಳಿದ್ದಳು. ಒಂದೇ ಕೀರ್ತನೆ ಪುಸ್ತಕ ಇಬ್ಬರೂ ಹಿಡಿದು ಹಾಡುತ್ತಿದ್ದೆವು. ಅವಳ ಗಂಡ ಕುಡಿದು ಹೊಡೆಯುತ್ತಿದ್ದ. ಒಂದು ದಿನ ನಮ್ಮ ಹಿತ್ತಲಲ್ಲಿ ಮೆಂತ್ಯ ಸೋಸುತ್ತ ಅದನ್ನು ಹೇಳಿದಳು. ಆ ವಾರವೇ ಸ್ತ್ರೀ ಸಭೆಯಲ್ಲಿ ನಾನು ಕಣ್ಣು ಮುಚ್ಚಿ, "ಕರ್ತನೇ, ಕುಡಿತದಿಂದ ನರಳುವ ಮನೆಯ ತಂಗಿಯನ್ನು ನೋಡು" ಅಂತ ಜೋರಾಗಿ ಬೇಡಿಕೊಂಡೆ. ಚೆನ್ನಾಗಿ ಪ್ರಾರ್ಥಿಸುತ್ತೇನೆ ಅಂತ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಕಣ್ಣು ತೆರೆದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಪುಸ್ತಕ ಮುಚ್ಚಿ ನನ್ನ ಮಡಿಲಿಗಿಟ್ಟು ಎದ್ದು ಹೋದಳು.

ಆಮೇಲೆ ಮೂರು ಬೆಂಚು ಹಿಂದೆ ಕೂರತೊಡಗಿದಳು. ಒಮ್ಮೆ ಕ್ಷಮೆ ಕೇಳಲಿಕ್ಕೆ ಅಂತ ಅವಳ ಮನೆಗೆ ಹೋದೆ. ಚಹಾ ಕುಡಿದೆ, ಮಕ್ಕಳ ಪರೀಕ್ಷೆ ವಿಚಾರಿಸಿದೆ, ಬಂದುಬಿಟ್ಟೆ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಸಲ ನಾನು ಕೊಟ್ಟ ಕುಂಬಳಕಾಯಿಯನ್ನು ಅವಳೇ ಕೂಗಿ ತಗೊಂಡಳು. ನನ್ನದು ಅಂತ ಗೊತ್ತಿತ್ತೋ ಇಲ್ಲವೋ. ಅವಳು ತೀರಿಕೊಂಡು ಎಷ್ಟೋ ವರ್ಷ ಆಯ್ತು, ನನಗೆ ಇನ್ನೂ ಅದೇ ಪ್ರಶ್ನೆ.

ನಮ್ಮವರಲ್ಲಿ ಇದು ಯಾಕೆ ಇಷ್ಟು ಜಾಸ್ತಿ ಅಂತ ಯೋಚಿಸುತ್ತಿರುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಆಮೇಲೆ ನಮ್ಮ ಕಡೆಗೆ. ಆಗ ಸಭೆ ಸೇರಿದವರನ್ನು ಸ್ವಂತ ಬಂಧುಗಳೇ ದೂರ ಇಟ್ಟರು. ಸಭೆಯೇ ಬಳಗ ಆಯ್ತು. ಹೆಣ ಹೊರುವವರು, ಹೆಣ್ಣು ಕೊಡುವವರು ಎಲ್ಲ ಅವರೇ. ಮಿಶನ್ ಕಂಪೌಂಡಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ, ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಮನೆಗೆ. ಕಷ್ಟ ಬಂದಾಗ ಓಡಿಬರುವವರೂ ಅವರೇ, ಗುಟ್ಟು ಹೊತ್ತು ತಿರುಗುವವರೂ ಅವರೇ. ಈಗ ಬೆಂಗಳೂರಲ್ಲಿ ಗೋಡೆಯ ಬದಲು ವಾಟ್ಸಾಪ್ ಇದೆ, ಅಷ್ಟೇ.

ಆದರೂ ಬಾಯಿ ಪೂರ್ತಿ ಮುಚ್ಚಬೇಡ ಪುಟ್ಟಿ. ಅದೇ ನನಗೆ ಭಯ. ನನ್ನ ಗೆಳತಿ ಹಾಗೇ ಮಾಡಿದಳು. ಆಮೇಲೆ ಅವಳ ಮನೆಯಲ್ಲಿ ಏನೇನಾಯ್ತೋ ಯಾರಿಗೂ ತಿಳಿಯಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿ? ಆದರೂ ಕೇಳು. ಬೇರೆಯವರ ಗುಟ್ಟನ್ನು ನಿನ್ನ ಮುಂದೆ ಹೇಳುವವಳು ನಿನ್ನದನ್ನೂ ಹೇಳುತ್ತಾಳೆ. ಮೊದಲು ಸಣ್ಣದೊಂದು ಮಾತು ಹೇಳಿ ನೋಡು, ಎರಡು ವಾರ ಬಿಟ್ಟು ಅದು ಎಲ್ಲಿ ತಿರುಗುತ್ತಿದೆ ನೋಡು. ಹೇಳುವಾಗಲೇ "ಇದನ್ನು ಗುಂಪಿಗೆ ಹಾಕಬೇಡ" ಅನ್ನು, ಸಂಕೋಚ ಬೇಡ. ತಪ್ಪುಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿರಿ ಅಂತ ಬೈಬಲಿನ ಯಾಕೋಬನ ಪತ್ರ ತೋರಿಸುತ್ತಾರೆ. ಅಲ್ಲಿ ಇರುವುದು ಒಬ್ಬರಿಗೊಬ್ಬರು ಅಂತ, ಮೈಕಿನಲ್ಲಿ ಅಂತ ಇಲ್ಲ. ಯೇಸುಸ್ವಾಮಿಗೆ ಹನ್ನೆರಡು ಜನ ಶಿಷ್ಯರಿದ್ದರೂ ಹಿಡಿದುಕೊಂಡು ಹೋಗುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥನೆಗೆ ಒಳಗೆ ಕರೆದುಕೊಂಡು ಹೋದದ್ದು ಮೂವರನ್ನೇ. ಅವರೂ ನಿದ್ದೆ ಹೋದರು ಅನ್ನು. ಎಲ್ಲ ಕಳಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು, ಬಾಯಿ ತೆರೆದ ಮೇಲೇ ಕೆಟ್ಟದ್ದು. ಹಾಗೆ ಸುಮ್ನೆ ಕೂರುವ ಒಬ್ಬಳು ಸಿಕ್ಕರೆ ಸಾಕು. ನಿನ್ನ ವಯಸ್ಸಿನವಳೇ ಆಗಬೇಕಂತಿಲ್ಲ.

ವಿಶ್ವಾಸ ಇದ್ದರೆ ಮಾತ್ರೆ ಬಿಡು ಅಂತ ಯಾರೋ ಅಂದರಂತಲ್ಲ, ಅವರ ಮಾತು ಕೇಳಬೇಡ. ಬಿಡುವುದೋ ಮುಂದುವರಿಸುವುದೋ ಡಾಕ್ಟರನ್ನೇ ಕೇಳು. ರಾತ್ರಿ ತೀರಾ ಕಷ್ಟ ಆದರೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ನನಗೂ ಮಾಡು, ಎಷ್ಟು ಹೊತ್ತಾದರೂ. ಆ ಗುಂಪು ಬೇಡವಾದರೆ ಕೆಲವು ವಾರ ಹಡ್ಸನ್ ಚರ್ಚಿನ ಕನ್ನಡ ಆರಾಧನೆಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಬಾ. ಅದು ದೊಡ್ಡ ಸಭೆ, ಯಾರೂ ಏನೂ ಕೇಳಲಿಕ್ಕಿಲ್ಲ.

ಪತ್ರದಲ್ಲಿ ಏನಿದೆ ಅಂತ ನಿನ್ನ ಅವ್ವ ಎರಡು ಸಲ ಕೇಳಿದಳು. ಶೇಂಗಾ ಚಟ್ನಿಪುಡಿ ಮಾಡೋದು ಹೇಗೆ ಅಂತ ಕೇಳಿದ್ದಾಳೆ ಅಂದೆ. ನಿನಗೆ ಹೇಳಬೇಕು ಅನ್ನಿಸಿದಾಗ ನೀನೇ ಅವಳಿಗೆ ಹೇಳು. ಪತ್ರ ಜೋಳದ ಹಿಟ್ಟಿನ ಡಬ್ಬಿಯ ಅಡಿಯಲ್ಲಿದೆ. ಅವಳು ಫೋನಲ್ಲಿ ಚಟ್ನಿಪುಡಿ ಹೇಗಾಯ್ತು ಅಂದರೆ, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಆಯ್ತು ಅನ್ನು.

ನಿನ್ನ ದೊಡ್ಡವ್ವ