ಆಲ್ಬಂನಲ್ಲಿ ಪುಟಕ್ಕೊಂದು ಮುಖದ ಬಣ್ಣ

ಮಾನ್ಯ ಸಂಪಾದಕರೇ,

ಮದುವೆ ಆಲ್ಬಂ ತೆರೆದರೆ ಧಾರೆಯಲ್ಲಿ ಮದುಮಗಳ ಮುಖ ಕೆಂಪು, ಆರತಕ್ಷತೆಯಲ್ಲಿ ಹಳದಿ, ತೋಟದಲ್ಲಿ ತೆಗೆದದ್ದು ಪಾಚಿ ಬಣ್ಣ. ಎರಡು ಕಂಪನಿಯ ಕ್ಯಾಮೆರಾ ಬಳಸಿದ್ದರಂತೂ ಒಬ್ಬಳೇ ಹುಡುಗಿ ಅಕ್ಕ-ತಂಗಿಯರ ಹಾಗೆ ಕಾಣುತ್ತಾಳೆ. ಹಾಸನ, ಚಿಕ್ಕಮಗಳೂರಿನ ಎಷ್ಟೋ ಸ್ಟುಡಿಯೊಗಳಲ್ಲಿ ಇದಕ್ಕಿರುವ ಮದ್ದು ಒಂದೇ: ಎಡಿಟಿಂಗಿನಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡಿಬಿಡುವುದು. ಕೃಷ್ಣವರ್ಣದ ಹುಡುಗಿಗೆ ಅದಕ್ಕಿಂತ ಅನ್ಯಾಯ ಬೇರಿಲ್ಲ.

ಬೇಕಿರುವುದು ಪ್ರತಿ ಕ್ಯಾಮೆರಾಕ್ಕೂ ಅದರದೇ ಕಲರ್ ಪ್ರೊಫೈಲ್, ಅಂದರೆ ಆ ಕ್ಯಾಮೆರಾ ಬಣ್ಣ ದಾಖಲಿಸುವ ರೀತಿಯನ್ನು ಸರಿಪಡಿಸುವ ಫೈಲ್. 24 ಚೌಕಗಳ ಕಲರ್‌ಚೆಕರ್ ಹಲಗೆಯ ಮೊದಲೆರಡು ಚೌಕಗಳೇ ಗಾಢ ಮತ್ತು ತಿಳಿ ಮೈಬಣ್ಣದವು. ಅದನ್ನು ಮುಖವಿರುವ ಜಾಗದಲ್ಲೇ ಹಿಡಿದು ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಮಾಹಿತಿ) ಫೋಟೊ ತೆಗೆಯಬೇಕು, ಕ್ಯಾಮೆರಾವೇ ಬಣ್ಣ ತಿದ್ದಿ ಕೊಡುವ ಜೆಪೆಗ್ ನಡೆಯುವುದಿಲ್ಲ. ಬೆಳಕು ನಾಲ್ಕೂ ಮೂಲೆಗೆ ಸಮನಾಗಿ ಬೀಳಲಿ, ಹಲಗೆ ಹೊಳೆಯದಿರಲಿ, ಬೆಳಕು ಹೆಚ್ಚಾಗಿ ಬಿಳಿ ಚೌಕ ಸುಟ್ಟುಹೋಗದಿರಲಿ. ಫೈಲನ್ನು ಡಿಎನ್‌ಜಿಗೆ (ಅಡೋಬಿ ಕಂಪನಿಯ ರಾ ಫೈಲ್ ಮಾದರಿ) ಬದಲಿಸಿ ಹಲಗೆ ಕಂಪನಿಯ ತಂತ್ರಾಂಶಕ್ಕೆ ಕೊಟ್ಟರೆ ಪ್ರೊಫೈಲ್ ಸಿದ್ಧ. ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶವನ್ನು ಮುಚ್ಚಿ ತೆರೆದರೆ ಪಟ್ಟಿಯಲ್ಲಿ ಸಿಗುತ್ತದೆ. ಬಿಸಿಲಿನಲ್ಲೊಂದು, ಹಳೆಯ ಹಳದಿ ಬಲ್ಬಿನಲ್ಲೊಂದು ತೆಗೆದು ಎರಡೂ ಸೇರಿದ ಪ್ರೊಫೈಲ್ ಮಾಡಿಟ್ಟರೆ ದಿನದ ಬಹುಪಾಲು ಕೆಲಸಕ್ಕೆ ಸಾಕು. ಬೆಳಕಿನ ಬಣ್ಣದ ಛಾಯೆ ತೆಗೆಯುವ ವೈಟ್ ಬ್ಯಾಲೆನ್ಸನ್ನು ಬಿಳಿ ಚೌಕದ ಮೇಲಲ್ಲ, ಪಕ್ಕದ ತಿಳಿಬೂದು ಚೌಕದ ಮೇಲೆ ಹಿಡಿಯಿರಿ. ಬಿಳಿಯಲ್ಲಿ ಒಂದು ಚಾನೆಲ್ (ಕೆಂಪು, ಹಸಿರು, ನೀಲಿಗಳಲ್ಲೊಂದು) ಮಾತ್ರ ಸುಟ್ಟಿದ್ದರೆ ಕಣ್ಣಿಗೆ ತಿಳಿಯದು, ಲೆಕ್ಕ ಮಾತ್ರ ತಪ್ಪುತ್ತದೆ.

ಆದರೆ ಪ್ರೊಫೈಲ್ ತಿದ್ದುವುದು ಕ್ಯಾಮೆರಾದ ಗುಣವನ್ನು, ಬೆಳಕಿನ ದೋಷವನ್ನಲ್ಲ. ಛತ್ರದ ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪಿನ ಅಂಶವೇ ಕಡಿಮೆ. ಆ ಬೆಳಕಿನಲ್ಲಿ ಮೈಬಣ್ಣ ಬೂದಿ ಬಳಿದಂತಾಗುತ್ತದೆ. ಅಲ್ಲಿ ಫ್ಲ್ಯಾಶೇ ಮುಖ್ಯ ಬೆಳಕಾಗಬೇಕು. ಕಾಫಿ ತೋಟದ ತೊಂದರೆ ಇನ್ನೊಂದು ಬಗೆಯದು: ಸಿಲ್ವರ್ ಓಕ್ ಸಂದಿಯಿಂದ ಹಣೆಗೆ ಬಿಸಿಲು, ಕಾಫಿ ಗಿಡದಿಂದ ಗಲ್ಲದ ಕೆಳಗೆ ಹಸಿರು. ಒಂದೇ ಮುಖದ ಮೇಲೆ ಎರಡು ಬೆಳಕು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಜೋಡಿಯನ್ನು ಕಾಫಿ ಒಣಗಿಸುವ ಕಣದ ಅಂಚಿನ ನೆರಳಿಗೆ ಕರೆತನ್ನಿ, ಸಿಮೆಂಟ್ ನೆಲದ ಬೂದು ಬೆಳಕು ಕೆಳಗಿನಿಂದ ಮುಖಕ್ಕೆ ಬೀಳುತ್ತದೆ. ಅರಿಶಿನ ಶಾಸ್ತ್ರದ ದಿನವಂತೂ ಮುಖ ನೋಡಿ ಬಣ್ಣ ತಿದ್ದಲೇಬಾರದು. ಅಲ್ಲಿ ಹಳದಿಯೇ ನಿಜ!

ಹಲಗೆಯನ್ನು ಮನೆಯ ಪ್ರಿಂಟರಿನಲ್ಲಿ ಮುದ್ರಿಸಿಕೊಂಡರೆ ಪ್ರಯೋಜನವಿಲ್ಲ. ಆ ಶಾಯಿ ಬೆಳಕು ಬದಲಾದಂತೆ ಬೇರೆ ರೀತಿ ವರ್ತಿಸುತ್ತದೆ. ಒಬ್ಬರಿಗೆ ಕೊಳ್ಳುವುದು ಭಾರವೆನಿಸಿದರೆ ತಾಲ್ಲೂಕಿನ ಛಾಯಾಗ್ರಾಹಕರು ಸೇರಿ ಒಂದನ್ನು ತರಿಸಿ, ಸರದಿಯಲ್ಲಿ ತಮ್ಮ ಕ್ಯಾಮೆರಾಗಳಿಗೆ ಪ್ರೊಫೈಲ್ ಮಾಡಿಕೊಳ್ಳಬಹುದು. ಚೌಕಗಳಿಗೆ ಬೆರಳು ತಾಗಿಸಬೇಡಿ, ಬಿಸಿಲಿನಲ್ಲಿ ಬಿಟ್ಟುಬರಬೇಡಿ.

– ಒಬ್ಬ ಓದುಗ, ಹಾಸನ