ನನ್ನ ಲುಂಗಿ, ಅವರ ಇಂಜಿರಿ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯ ಒಂದು ಹಳೇ ಲುಂಗಿಯಿಂದ ಶುರುವಾಗುತ್ತದೆ, ಬೈಕೊಳ್ಳಬೇಡಿ.

ಒಂದು ಭಾನುವಾರ ಬೆಳಿಗ್ಗೆ ಇಲ್ಲಿ ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್‌ನ ಮನೆಯ ಅಂಗಳದಲ್ಲಿ, ಊರಿಂದ ತಂದ ಚೌಕಳಿ ಲುಂಗಿ ಉಟ್ಟುಕೊಂಡು ಜನರೇಟರ್‌ಗೆ ಡೀಸೆಲ್ ಹಾಕುತ್ತಾ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಚರ್ಚಿಗೆ ಹೊರಟಿದ್ದರು. (ಇಲ್ಲಿ ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು 'ಮಾಮಾ' ಅಂತಲೇ ಕರೆಯುವುದು. ಊರಿಂದ ಬಂದಿದ್ದ ನಮ್ಮ ಅತ್ತೆಗೆ ಹೆಂಗಸನ್ನು ಯಾಕೆ ಮಾಮ ಅಂತಾರೆ ಅಂತ ಒಂದು ವಾರ ತಲೆಬಿಸಿ.) ನನ್ನನ್ನು ನೋಡಿ ಅಜ್ಜಿ ನಿಂತರು, ಹತ್ತಿರ ಬಂದರು, ಲುಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ "ಇಂಜಿರಿ!" ಅಂದರು. ಆಮೇಲೆ ಇನ್ನೊಂದು ಸಲ ನೋಡಿ, "ನೂಲೇ ಕತ್ತರಿಸಿಲ್ಲ, ಹಾಗೇ ಉಟ್ಟುಬಿಟ್ಟಿದ್ದೀಯಲ್ಲ ಮಗನೇ" ಅಂತ ಬೇಜಾರಲ್ಲಿ ತಲೆಯಾಡಿಸಿ ಹೋದರು.

ಅಜ್ಜಿ ಕಲಬರಿ ಜನ. ಕಲಬುರಗಿಯ ಸದಸ್ಯರು ನಗಬೇಡಿ, ಹೆಸರೇ ಹಾಗಿದೆ. ನೈಜರ್ ನದಿ ಸಮುದ್ರ ಸೇರುವ ಮೊದಲು ನೂರಾರು ಕವಲಾಗಿ ಒಡೆಯುವ ಈ ಮುಖಜ ಭೂಮಿಯಲ್ಲಿ ಇಜಾ ಅನ್ನುವ ದೊಡ್ಡ ಜನಾಂಗವಿದೆ. ಕಲಬರಿ, ನೆಂಬೆ, ಬೋನಿ, ಒಕ್ರಿಕ ಎಲ್ಲ ಆ ಬಳಗದ ಪೂರ್ವದ ಕವಲುಗಳು. ನಾವು ಇರುವುದು ಇವರ ನೆರೆಯಲ್ಲಿ. ಆದರೆ ನಮ್ಮ ಗೆಟ್-ಟುಗೆದರ್‌ಗಳಲ್ಲಿ ಇವರ ಮಾತು ಬರುವುದು ಪೈಪ್‌ಲೈನ್ ಒಡೆದರೆ, ಇಲ್ಲ ಯಾರನ್ನೋ ಅಪಹರಿಸಿದರೆ ಮಾತ್ರ, ಅಲ್ವಾ? ಅದಕ್ಕೇ ಈ ಸಲ ಬೇರೆ ಮಾತಾಡೋಣ ಅನಿಸಿತು.

ಇಂಜಿರಿ ಅಂದರೆ ಮದ್ರಾಸಿನ ಚೌಕಳಿ ಹತ್ತಿ ಬಟ್ಟೆ. 'ಇಂಡಿಯಾ' ಅನ್ನುವುದೇ ಬಾಯಿಂದ ಬಾಯಿಗೆ ಹೋಗಿ ಇಂಜಿರಿ ಆಯಿತು ಅನ್ನುತ್ತಾರೆ. ಇದೇ ಪ್ರದೇಶದಲ್ಲಿ 'ಜಾರ್ಜ್' ಅಂತ ಇನ್ನೊಂದು ಬಟ್ಟೆಯಿದೆ, ಆ ಹೆಸರು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯದು. ತಮಿಳುನಾಡು, ಆಂಧ್ರದ ಕೈಮಗ್ಗದವರು ನೇಯ್ದದ್ದು ಇಲ್ಲಿನ ಉಪ್ಪುನೀರಿನ ಊರುಗಳಿಗೆ ಶತಮಾನಗಳಿಂದ ಬರುತ್ತಿದೆ. ಹೆಣ್ಣುಮಕ್ಕಳ ಶಾಸ್ತ್ರಗಳಿಗೆ ಅದು ಬೇಕು. ಹಿರಿಯರು ತೀರಿಕೊಂಡರೆ ಮನೆಯ ಕೋಣೆಗಳಲ್ಲಿ ಮಂಚಗಳಿಗೆ ಬಗೆಬಗೆಯ ಬಟ್ಟೆ ಹೊದಿಸಿ, ಮಡಿಸಿ, ಜೋಡಿಸಿ ಅಲಂಕಾರ ಮಾಡುತ್ತಾರೆ, ಅಲ್ಲೂ ಅದು ಬೇಕು. ಮನೆತನದ ಪೆಟ್ಟಿಗೆಯಲ್ಲಿ ಎಷ್ಟು ಹಳೇ ಬಟ್ಟೆ ಇದೆ ಅನ್ನುವುದರ ಮೇಲೆ ಮನೆತನದ ತೂಕ.

ಇನ್ನು ಅಜ್ಜಿಯ ಬೇಜಾರಿಗೆ ಬರುತ್ತೇನೆ. ಬಂದ ಬಟ್ಟೆಯನ್ನು ಇವರು ಹಾಗೇ ಉಡುವುದಿಲ್ಲ. ಹೆಂಗಸರು ಕೂತು, ನೇಯ್ದ ಬಟ್ಟೆಯಿಂದ ಒಂದೊಂದೇ ನೂಲನ್ನು ಸೂಜಿ ಮೊನೆಯಲ್ಲಿ ಎತ್ತಿ, ಬ್ಲೇಡಿನಲ್ಲಿ ಕತ್ತರಿಸಿ, ಎಳೆದು ತೆಗೆಯುತ್ತಾರೆ. ಯಾವ ನೂಲು ಹೋಗಬೇಕು, ಯಾವುದು ಉಳಿಯಬೇಕು ಅನ್ನುವುದು ತಲೆಯಲ್ಲಿ ಇರುತ್ತದೆ. ಮುಗಿದಾಗ ಸಾದಾ ಚೌಕಳಿ ಹೋಗಿ, ಬೆಳಕು ಹಾಯುವ ಜಾಲರಿಯಂಥ ಹೊಸ ವಿನ್ಯಾಸ ಎದ್ದು ಬಂದಿರುತ್ತದೆ. ಇದಕ್ಕೆ ಪೆಲೆಟೆ ಬಿಟೆ ಅಂತ ಹೆಸರು. ಪೆಲೆಟೆ ಅಂದರೆ ಕತ್ತರಿಸಿದ, ಬಿಟೆ ಅಂದರೆ ಬಟ್ಟೆ. (ಬಿಟೆ, ಬಟ್ಟೆ! ಏನೂ ಸಂಬಂಧವಿಲ್ಲ, ಕಾಕತಾಳೀಯ. ಯಾರೂ ಇದರ ಮೇಲೆ ಲೇಖನ ಬರೆದು ಕಳಿಸಬೇಡಿ.) ಕಸೂತಿ ಅಂದರೆ ಬಟ್ಟೆಗೆ ನೂಲು ಸೇರಿಸುವುದು ಅಂದುಕೊಂಡಿದ್ದ ನನಗೆ ಇದು ತಲೆಕೆಳಗಾದ ವಿದ್ಯೆ. ಬೇರೆಯವರು ಮಾಡಿದ ವಸ್ತುವಿನಿಂದ ಒಂದಿಷ್ಟು ಕಿತ್ತು ಹಾಕಿ ಅದನ್ನು ಸ್ವಂತದ್ದು ಮಾಡಿಕೊಳ್ಳುವುದು!

ಈ ಬಟ್ಟೆಯ ಕತೆಯಲ್ಲಿ ಕಹಿಯೂ ಇದೆ. ನಮ್ಮ ಕಡೆಯ ಬಟ್ಟೆ ಹಡಗು ಹತ್ತಿ ಪಶ್ಚಿಮ ಆಫ್ರಿಕಕ್ಕೆ ಜಾಸ್ತಿ ಬಂದದ್ದು ಗುಲಾಮರ ವ್ಯಾಪಾರದ ಕಾಲದಲ್ಲಿ. ಬಟ್ಟೆ ಕೊಟ್ಟು ಮನುಷ್ಯರನ್ನು ಕೊಂಡರು. ಬೋನಿ, ಹಳೇ ಕಲಬರಿ ಪಟ್ಟಣ ಎರಡೂ ಆ ವ್ಯಾಪಾರದ ದೊಡ್ಡ ಬಂದರುಗಳು, ಒಳನಾಡಿನಿಂದ ಜನರನ್ನು ತಂದು ಮಾರಿದವರಲ್ಲಿ ಇಲ್ಲಿನ ದೊಡ್ಡ ಮನೆತನಗಳೂ ಇದ್ದವು. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ ಮೇಲೆ ನಿಧಾನವಾಗಿ ತಾಳೆ ಎಣ್ಣೆ ಅದರ ಜಾಗಕ್ಕೆ ಬಂತು. ಇಂಗ್ಲೆಂಡಿನ ಸಾಬೂನಿಗೆ, ಯಂತ್ರಗಳಿಗೆ ಇಲ್ಲಿಂದ ಎಣ್ಣೆ. ಈ ನದಿಗಳಿಗೆ 'ಎಣ್ಣೆ ನದಿಗಳು' ಅನ್ನುವ ಹೆಸರು ಆಗಲೇ ಬಿತ್ತು, ಪೆಟ್ರೋಲಿಗಿಂತ ಎಷ್ಟೋ ಮೊದಲು.

ವ್ಯಾಪಾರ ನಡೆಸುತ್ತಿದ್ದದ್ದು 'ದೋಣಿ ಮನೆ'ಗಳು. ಒಬ್ಬ ಯಜಮಾನ, ಅವನ ನೆಂಟರು, ಕೊಂಡು ತಂದ ಗುಲಾಮರು ಎಲ್ಲ ಸೇರಿ ಒಂದು ಮನೆ. ಒಂದು ಯುದ್ಧದ ದೋಣಿಗೆ ಬೇಕಾದಷ್ಟು ಜನ, ಸಾಮಾನು ಹೊಂದಿಸುವ ತಾಕತ್ತಿದ್ದರೆ ಅದು ದೋಣಿ ಮನೆ. ಗುಲಾಮನಾಗಿ ಬಂದವನು ಚುರುಕಾಗಿದ್ದರೆ ಅದೇ ಮನೆಗೆ ಯಜಮಾನನೂ ಆಗಬಹುದಿತ್ತು. ಜಾಜಾ ಆದದ್ದು ಹಾಗೇ. ಒಳನಾಡಿನ ಇಗ್ಬೋ ಜನಾಂಗದ ಹುಡುಗ, ಬೋನಿಗೆ ಮಾರಾಟವಾಗಿ ಬಂದವನು, ದೊಡ್ಡ ಮನೆಯೊಂದರ ಮುಖ್ಯಸ್ಥನಾದ. ಜಗಳವಾದಾಗ ಹೊರಗೆ ಬಂದು ಒಪೊಬೊ ಅನ್ನುವ ಸ್ವಂತ ರಾಜ್ಯ ಕಟ್ಟಿದ. ಬ್ರಿಟಿಷ್ ವರ್ತಕರು ಒಳನಾಡಿಗೆ ನೇರವಾಗಿ ಹೋಗದ ಹಾಗೆ ತಡೆದ. 1887ರಲ್ಲಿ ಬ್ರಿಟಿಷ್ ಸರ್ಕಾರದವರು ಅವನನ್ನು ಮಾತುಕತೆಗೆ ಅಂತ ಯುದ್ಧನೌಕೆಗೆ ಕರೆಸಿ ಹಿಡಿದುಕೊಂಡು ಹೋದರು, ವೆಸ್ಟ್ ಇಂಡೀಸಿಗೆ ಗಡಿಪಾರು ಮಾಡಿದರು. ಊರಿಗೆ ಮರಳಲು ಅನುಮತಿ ಸಿಕ್ಕಿ ಹೊರಟವನು 1891ರಲ್ಲಿ ದಾರಿಯಲ್ಲೇ, ಟೆನೆರಿಫ್‌ನಲ್ಲಿ ತೀರಿಕೊಂಡ. ಇನ್ನೊಬ್ಬ, ನೆಂಬೆಯ ರಾಜ ಕೋಕೊ, ತನ್ನ ಜನರ ಮಾರುಕಟ್ಟೆಗಳನ್ನು ಬ್ರಿಟಿಷರ ರಾಯಲ್ ನೈಜರ್ ಕಂಪನಿ ಮುಚ್ಚಿಸಿದ್ದಕ್ಕೆ 1895ರ ಜನವರಿಯಲ್ಲಿ ದೋಣಿಗಳಲ್ಲಿ ಹೋಗಿ ಅಕಾಸದ ಅವರ ಠಾಣ್ಯದ ಮೇಲೇ ಬಿದ್ದ. ಮುಂದಿನ ತಿಂಗಳು ನೌಕಾಪಡೆ ಬಂದು ನೆಂಬೆಯನ್ನು ಸುಟ್ಟಿತು.

ಸಂಘ ನಡೆಸುವವನಾಗಿ ನನಗೆ ತುಂಬ ಹಿಡಿಸಿದ್ದು ಬೇರೆ ಸಂಗತಿ. ಇಷ್ಟು ಜನ ಹೊರಗಿನವರು, ಬೇರೆ ಭಾಷೆಯವರು ಮನೆಯೊಳಗೆ ಬಂದು ತುಂಬಿಕೊಂಡರೆ ಊರಿನ ಭಾಷೆ ಏನಾಗಬೇಕು? ಬೋನಿಯಲ್ಲಿ ಏನಾಯಿತು ಅಂದರೆ, ಬಂದ ಇಗ್ಬೋ ಜನರೇ ಜಾಸ್ತಿಯಾಗಿ, ಊರಿನ ಇಬಾನಿ ಮಾತು ಹಿಂದೆ ಸರಿದು ಮನೆಮಾತೇ ಇಗ್ಬೋ ಆಯಿತು. ಕಲಬರಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಕೊರೊನೊಗ್ಬೊ ಅನ್ನುವ ಒಂದು ಗುಂಪಿತ್ತು, ರಾತ್ರಿ ಬೀದಿ ಸುತ್ತುತ್ತಿತ್ತು. ಎದುರು ಸಿಕ್ಕವರನ್ನು ತಡೆದು ಮಾತಾಡಿಸುವುದು, ಉಚ್ಚಾರ ತಪ್ಪಿದರೆ ಹಿಡಿದುಕೊಳ್ಳುವುದು, ಇದೇ ಅವರ ಕೆಲಸವಂತೆ. ನಮ್ಮ ಕಾರ್ಯಕಾರಿ ಸಮಿತಿಗೆ ಈ ಐಡಿಯಾ ಕೊಡಲು ನನಗೆ ಭಯ.

ಬೆದರಿಕೆಯ ಜೊತೆಗೆ ಆಸೆಯೂ ಇತ್ತು ಅನ್ನಿ. ಆ ಆಸೆ ಹುಟ್ಟಿಸುತ್ತಿದ್ದದ್ದು ಎಕಿನೆ ಅನ್ನುವ ಮುಖವಾಡ ಕುಣಿತದ ಮಂಡಳಿ. ಎಕಿನೆಬಾ ಅನ್ನುವ ಚೆಲುವೆಯನ್ನು ನೀರಿನ ದೈವಗಳು ಎತ್ತಿಕೊಂಡು ಹೋದವಂತೆ. ಅವುಗಳ ತಾಯಿ ಗದರಿಸಿ, ವಾಪಸು ಬಿಟ್ಟು ಬನ್ನಿ ಅಂದಳಂತೆ. ಬಿಡುವ ಮೊದಲು ಒಂದೊಂದು ದೈವವೂ ತನ್ನ ಕುಣಿತ ತೋರಿಸಿತು, ಅವಳು ಬಂದು ಊರಿಗೆ ಕಲಿಸಿದಳು. ಆ ಮೇಳದಲ್ಲಿ ಕುಣಿಯುವವನಿಗೆ ಒಂದು ಪರೀಕ್ಷೆಯಿದೆ. ಡೋಲು ಭಾಷೆಯಲ್ಲಿ ಒಂದೊಂದೇ ಗುಡಿಯ ಹೆಸರು ಹೇಳುತ್ತಾ ಹೋಗುತ್ತದೆ, ಅವನು ಮುಖವಾಡದೊಳಗಿಂದಲೇ ಆ ಗುಡಿ ಇರುವ ದಿಕ್ಕಿಗೆ ಸರಿಯಾಗಿ ಕೈ ತೋರಿಸಬೇಕು. ತಪ್ಪಿದರೆ ಊರೆದುರು ಮಾನ ಹೋಯಿತು. ಡೋಲಿನ ಮಾತು ತಿಳಿಯಬೇಕಾದರೆ ಕಲಬರಿ ಮಾತು ಬರಲೇಬೇಕು, ಊರು ಗೊತ್ತಿರಲೇಬೇಕು. ಹೊರಗಿನಿಂದ ಬಂದವನಿಗೂ ಗೆದ್ದರೆ ಅದೇ ಚಪ್ಪಾಳೆ. ನಾವು ನಮ್ಮ ಮಕ್ಕಳಿಗೆ ರಾಜ್ಯೋತ್ಸವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಹಾಡು ಬರೆದುಕೊಟ್ಟು ಉರು ಹೊಡೆಸುತ್ತೇವೆ, ನಾನೂ ಬರೆದುಕೊಟ್ಟಿದ್ದೇನೆ.

ಇಲ್ಲಿಂದ ಹಡಗು ಹತ್ತಿಸಿದವರ ಜೊತೆ ಭಾಷೆಯೂ ಹೋಯಿತು. ದಕ್ಷಿಣ ಅಮೆರಿಕದಲ್ಲಿ, ಈಗಿನ ಗಯಾನಾದಲ್ಲಿ, ಡಚ್ಚರ ಬರ್ಬೀಸ್ ವಸಾಹತಿನ ತೋಟಗಳಲ್ಲಿ ಡಚ್ ಮತ್ತು ಇಲ್ಲಿನ ಪೂರ್ವ ಇಜಾ ಮಾತು ಬೆರೆತು ಒಂದು ಹೊಸ ಭಾಷೆ ಹುಟ್ಟಿತ್ತು. ಅದು ಇನ್ನೂ ಬದುಕಿದೆ ಅಂತ ಭಾಷಾ ವಿದ್ವಾಂಸರಿಗೆ ಗೊತ್ತಾಗಿದ್ದೇ 1970ರ ದಶಕದಲ್ಲಿ, ಆಗ ಮಾತಾಡುವವರು ಬೆರಳೆಣಿಕೆಯ ಮುದುಕರು. ಕೊನೆಯವರು 2005ರಲ್ಲಿ ತೀರಿಕೊಂಡರು.

ಪೆಟ್ರೋಲಿನ ಕತೆ ನಿಮಗೆಲ್ಲ ಗೊತ್ತೇ ಇದೆ, ನಮ್ಮಲ್ಲಿ ಅರ್ಧ ಜನರ ಸಂಬಳ ಅದರಿಂದಲೇ. 1956ರಲ್ಲಿ ಒಲೊಯಿಬಿರಿ ಅನ್ನುವ ಇಜಾ ಊರಲ್ಲಿ ಸಿಕ್ಕಿತು, 1958ರಲ್ಲಿ ಹಡಗು ಹತ್ತಿತು. ಮೀನು ಸಿಗುತ್ತಿದ್ದ ತೊರೆಗಳ ಮೇಲೆ ಈಗ ಎಣ್ಣೆಯ ಪದರ. 2016ರಿಂದ ಈಚೆಗೆ ನಮ್ಮ ಬಾಲ್ಕನಿಗಳ ಮೇಲೆ ಕೂರುವ ಕಪ್ಪು ಮಸಿಯನ್ನು ಒರೆಸಿ ಒರೆಸಿ ನಿಮಗೂ ಸಾಕಾಗಿರಬೇಕು.

ಮೊನ್ನೆ ಅಜ್ಜಿ ಲುಂಗಿ ಕೇಳಿ ತೆಗೆದುಕೊಂಡು ಹೋದರು. ಎರಡು ವಾರ ಬಿಟ್ಟು ವಾಪಸು ಬಂತು. ಕಣ್ಣು ಮೊದಲಿನ ಹಾಗಿಲ್ಲ, ಒಂದು ಮೂಲೆ ಮಾತ್ರ ಆಯಿತು ಅಂದರು. ಅಂಗೈಯಷ್ಟು ಜಾಗದಲ್ಲಿ ಬಿಳಿ ನೂಲೆಲ್ಲ ಹೋಗಿ, ಉಳಿದ ನೀಲಿಯ ನಡುವೆ ಸಣ್ಣ ಸಣ್ಣ ಕಿಟಕಿಗಳು. ಅದನ್ನುಟ್ಟು ಡೀಸೆಲ್ ಹಾಕಲು ಹೋದೀರಿ ಜೋಕೆ ಅಂತ ನನ್ನ ಹೆಂಡತಿ ಲುಂಗಿಯನ್ನು ತನ್ನ ಸೀರೆಗಳ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದಾಳೆ.

— ಸಂಪಾದಕ